ಸ್ವಿಫ್ಟ್, ಪೋಲೋ, ಐ20 ಎನ್ ಲೈನ್: ಸಸ್ಪೆನ್ಷನ್ ಸದ್ದು, ಸವೆತ ಪತ್ತೆ ಮಾಡಿ ರಿಪೇರಿ ಮಾಡುವ ಕ್ರಮ

ಮುಂದಿನ ಚಕ್ರದ ಕಡೆಯಿಂದ ‘ಟಕ್ ಟಕ್’ ಎಂದು ಸದ್ದು ಶುರುವಾದರೆ ಹೆಚ್ಚಿನ ಕಡೆ ಮೊದಲು ಕೇಳುವ ಮಾತು ‘ಶಾಕ್ ಅಬ್ಸಾರ್ಬರ್ ಹೋಗಿದೆ, ಜೋಡಿ ಹಾಕಿಬಿಡೋಣ’ ಎಂಬುದು. ಹಾಕಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಲೋವರ್ ಆರ್ಮ್, ಅದೂ ಆದಮೇಲೆ ಸ್ಟೀರಿಂಗ್ ರ‍್ಯಾಕ್. ಹೀಗೆ ಒಂದೊಂದೇ ಭಾಗ ಬದಲಿಸುತ್ತಾ ಹೋದರೆ ಸದ್ದು ಯಾವತ್ತೋ ಒಂದು ದಿನ ನಿಂತೀತು, ಆದರೆ ಅಷ್ಟರಲ್ಲಿ ಸವೆಯದ ಭಾಗಗಳಿಗೂ ದುಡ್ಡು ಕೊಟ್ಟಾಗಿರುತ್ತದೆ. ಬಹಳ ಸಲ ಮೂಲ ಕಾರಣ ಕೆಲವು ನೂರು ರೂಪಾಯಿಯ ಒಂದು ಲಿಂಕ್ ರಾಡ್.

ಊಹೆಯ ಮೇಲೆ ಭಾಗ ಬದಲಿಸುವ ಅಗತ್ಯವೇ ಇಲ್ಲ. ಸಸ್ಪೆನ್ಷನ್ನಿನ ಒಂದೊಂದು ಕೀಲಿಗೂ ಭಾರ ಬೀಳುವ ಸಂದರ್ಭ ಬೇರೆ ಬೇರೆ. ಆ ಸಂದರ್ಭವನ್ನು ನಾವೇ ಹುಟ್ಟಿಸಿದರೆ ಸವೆದ ಕೀಲು ತಾನಾಗಿ ಸಿಕ್ಕಿಬೀಳುತ್ತದೆ. ಕೆಳಗಿನ ಕ್ರಮವೆಲ್ಲ ನಿಂತಿರುವುದು ಇದೊಂದರ ಮೇಲೆ.

ಈ ಗಾಡಿಗಳ ರಚನೆ

ಸ್ವಿಫ್ಟ್, ಬಲೆನೋ ಆರ್‌ಎಸ್, ಪೋಲೋ ಜಿಟಿ, ಐ20 ಎನ್ ಲೈನ್ ಇವೆಲ್ಲ ಮೂಲದಲ್ಲಿ ಒಂದೇ ವಿನ್ಯಾಸ: ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದೇ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರಗಳನ್ನು ಜೋಡಿಸುವ ಅಡ್ಡತೊಲೆ). ಮುಂದಿನ ಪ್ರತಿ ಚಕ್ರವನ್ನು ಮೇಲೆ ಹಿಡಿದಿರುವುದು ಸ್ಟ್ರಟ್, ಕೆಳಗೆ ಹಿಡಿದಿರುವುದು ಲೋವರ್ ಆರ್ಮ್. ಆರ್ಮಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್ (ಗುಂಡಿನ ಕೀಲು), ಒಳತುದಿಯಲ್ಲಿ ಎರಡು ರಬ್ಬರ್ ಬುಷ್ (ಏಟು ನುಂಗುವ ರಬ್ಬರ್ ಉಂಗುರ). ಸ್ಟ್ರಟ್ ತಲೆಯಲ್ಲಿ ರಬ್ಬರ್ ಮೌಂಟ್, ಅದರ ಕೆಳಗೆ ಸ್ಟೀರಿಂಗ್ ತಿರುಗಿಸಿದಾಗ ಸ್ಟ್ರಟ್ ತಿರುಗಲು ಬೇರಿಂಗ್. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್, ಅದರ ಎರಡು ತುದಿಗೆ ಲಿಂಕ್ ರಾಡ್, ನಡುವೆ ಅದನ್ನು ಗಾಡಿಯ ಚೌಕಟ್ಟಿಗೆ ಕಟ್ಟುವ ಎರಡು ಬುಷ್. ಸ್ಟೀರಿಂಗ್ ಕಡೆಯಿಂದ ರ‍್ಯಾಕ್ ಎಂಡ್ ಮತ್ತು ಟೈ ರಾಡ್ ಎಂಡ್, ಅಂದರೆ ಚಕ್ರ ತಿರುಗಿಸುವ ರಾಡಿನ ಒಳಗಿನ ಮತ್ತು ಹೊರಗಿನ ಕೀಲು.

ಇದರಲ್ಲಿ ತಪ್ಪದೆ ನೆನಪಿಡಬೇಕಾದ ಸಂಗತಿ ಒಂದಿದೆ. ಗಾಡಿಯ ತೂಕ ಸ್ಪ್ರಿಂಗ್ ಮೂಲಕ ಸ್ಟ್ರಟ್ ಮೇಲೆ ಕೂರುತ್ತದೆ, ಬಾಲ್ ಜಾಯಿಂಟ್ ಮೇಲಲ್ಲ. ಬಾಲ್ ಜಾಯಿಂಟ್ ಚಕ್ರದ ಕೆಳಭಾಗ ಆಚೀಚೆ ಹೋಗದಂತೆ ಹಿಡಿಯುತ್ತದೆ, ಅಷ್ಟೇ. ಹಾಗಾಗಿ ಬಾಲ್ ಜಾಯಿಂಟನ್ನು ಚಕ್ರ ಎತ್ತಿ ನೋಡಬೇಕು. ಟೈ ರಾಡ್, ಸ್ಟ್ರಟ್ ಮೌಂಟ್, ಲಿಂಕ್ ರಾಡ್‌ಗಳನ್ನು ಚಕ್ರ ನೆಲದ ಮೇಲಿರುವಾಗ ನೋಡಿದರೆ ಹೆಚ್ಚು ತಿಳಿಯುತ್ತದೆ. ಗಾಡಿಯನ್ನು ಲಿಫ್ಟ್ ಮೇಲೆ ನೇತುಹಾಕಿ ಒಂದು ರಾಡಿನಿಂದ ಎಲ್ಲವನ್ನೂ ಮೀಟಿ ‘ಏನೂ ಇಲ್ಲ’ ಎಂದು ಇಳಿಸಿದರೆ ಅರ್ಧ ಪರೀಕ್ಷೆ ಮಾತ್ರ ಆಗಿರುತ್ತದೆ.

ಪಾನಾ ಮುಟ್ಟುವ ಮೊದಲು

ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸ್ಪೇರ್ ಟೈರಿನ ನಟ್ ಬಿಗಿಮಾಡಿ, ಜ್ಯಾಕ್ ಮತ್ತು ಪಾನಾ ತೆಗೆದಿಡಿ, ಪಾರ್ಸೆಲ್ ಟ್ರೇ ಇಳಿಸಿ, ಹಿಂದಿನ ಸೀಟಿನ ಬೆನ್ನು ಸರಿಯಾಗಿ ಲಾಕ್ ಆಗಿದೆಯೇ ನೋಡಿ. ‘ಹಿಂದಿನ ಶಾಕ್ ಅಬ್ಸಾರ್ಬರ್ ಸದ್ದು’ ಎಂದು ಬರುವ ದೂರುಗಳಲ್ಲಿ ಗಣನೀಯ ಪಾಲು ಇಲ್ಲೇ ಮುಗಿಯುತ್ತದೆ.

ಟೈರ್ ಗಾಳಿಯನ್ನು ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುವಷ್ಟಕ್ಕೆ ತನ್ನಿ, ಟೈರ್ ತಣ್ಣಗಿರುವಾಗ. 5 ಪಿಎಸ್‌ಐ ಹೆಚ್ಚು ತುಂಬಿದ ಟೈರ್ ಒಳ್ಳೆಯ ಶಾಕ್ ಅಬ್ಸಾರ್ಬರನ್ನೂ ಕೆಟ್ಟದ್ದೆಂದು ತೋರಿಸುತ್ತದೆ.

ಆಮೇಲೆ ಎತ್ತರ ಅಳೆಯಿರಿ. ಸಮತಟ್ಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದಿಡಿ. ನೆಲದಿಂದ ಅಳೆಯಬೇಡಿ, ಗಾಳಿ ಮತ್ತು ಟೈರ್ ಸವೆತದ ವ್ಯತ್ಯಾಸ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದೇ ಆಕ್ಸಲ್‌ನ ಎಡಬಲಗಳಲ್ಲಿ 10ರಿಂದ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗ್ ನೋಡಬೇಕು. ಸ್ಪ್ರಿಂಗ್ ಮುರಿಯುವುದು ಸಾಮಾನ್ಯವಾಗಿ ಕೊನೆಯ ಸುತ್ತಿನಲ್ಲಿ, ಸ್ಪ್ರಿಂಗ್ ಕೂರುವ ಸೀಟಿನೊಳಗೆ. ಮೇಲ್ನೋಟಕ್ಕೆ ಕಾಣುವುದಿಲ್ಲ, ಬೆರಳಾಡಿಸಿ ತುದಿ ಹುಡುಕಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡುವ ಗಾಡಿಗಳಲ್ಲಿ ಬಣ್ಣ ಎದ್ದು ತುಕ್ಕು ಹಿಡಿದ ಜಾಗದಿಂದಲೇ ಬಿರುಕು ಶುರುವಾಗುತ್ತದೆ. ಈ ನಾಲ್ಕು ಅಳತೆಯ ಚೀಟಿ ಎಸೆಯಬೇಡಿ, ಬುಷ್ ಬಿಗಿಮಾಡುವಾಗ ಬೇಕಾಗುತ್ತದೆ.

ಓಡಿಸಿ ಕೇಳುವುದು

ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಗೋಡೆ ಅಥವಾ ಕಾಂಪೌಂಡ್ ಪಕ್ಕ ಹೋಗುವ ರಸ್ತೆ ಹಿಡಿಯಿರಿ. ಗೋಡೆಗೆ ಬಡಿದು ಬರುವ ಸದ್ದಿನಿಂದ ಯಾವ ಕಡೆಯದೆಂದು ತಿಳಿಯುವುದು ಸುಲಭ.

ಮೊದಲ ಪ್ರಯೋಗ ರೋಡ್ ಹಂಪ್. ರಸ್ತೆಯ ಪೂರ್ತಿ ಅಗಲಕ್ಕಿರುವ ಹಂಪಿನ ಮೇಲೆ 10-15 ಕಿ.ಮೀ. ವೇಗದಲ್ಲಿ ನೇರವಾಗಿ ಹತ್ತಿಸಿ. ಎರಡು ಚಕ್ರವೂ ಒಟ್ಟಿಗೆ ಏಳುತ್ತವೆ, ಸ್ಟೆಬಿಲೈಜರ್ ಬಾರ್ ತಿರುಚಿಕೊಳ್ಳದೆ ಸುಮ್ಮನೆ ಮೇಲೆ ಕೆಳಗೆ ಆಡುತ್ತದೆ, ಲಿಂಕ್ ರಾಡ್ ಮೇಲೆ ಭಾರವೇ ಇಲ್ಲ. ಈಗ ಅದೇ ಹಂಪನ್ನು ಓರೆಯಾಗಿ, ಒಂದು ಚಕ್ರ ಮೊದಲು ಏರುವಂತೆ ಹತ್ತಿಸಿ. ಬಾರ್ ತಿರುಚುತ್ತದೆ, ಲಿಂಕ್ ರಾಡಿನ ಎರಡು ತುದಿಯ ಗುಂಡು ಕೀಲುಗಳೂ ಎಳೆತಕ್ಕೆ ಸಿಗುತ್ತವೆ. ನೇರ ಹತ್ತಿಸಿದಾಗ ಮೌನ, ಓರೆ ಹತ್ತಿಸಿದಾಗ ‘ಟಕ್’ ಎಂದರೆ ಅನುಮಾನ ಲಿಂಕ್ ರಾಡ್ ಅಥವಾ ಬಾರ್ ಬುಷ್ ಮೇಲೆ. ಎರಡೂ ಸಲ ಸದ್ದು ಬಂದರೆ ಸ್ಟ್ರಟ್ ಮೌಂಟ್, ಸ್ಟ್ರಟ್ ಒಳಭಾಗ, ಬಾಲ್ ಜಾಯಿಂಟ್ ಕಡೆ ಹೋಗಿ. 15ರಿಂದ 30 ಕಿ.ಮೀ. ವೇಗದಲ್ಲಿ ಸಣ್ಣ ಸಣ್ಣ ಗುಂಡಿಗಳ ಮೇಲೆ ‘ಕಟಕಟಕಟ’ ಎಂದು ಸತತವಾಗಿ ಬಂದು, ವೇಗ ಏರಿದಂತೆ ಮಾಯವಾಗುವ ಸದ್ದೂ ಲಿಂಕ್ ರಾಡಿನ ಗುರುತೇ.

ಅದೇ ಸಣ್ಣ ಗುಂಡಿಗಳ ಮೇಲೆ ಹೋಗುತ್ತಾ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿ ಹಿಡಿಯಿರಿ. ಸದ್ದು ತಟ್ಟನೆ ನಿಂತರೆ ಅದು ಸಸ್ಪೆನ್ಷನ್ ಅಲ್ಲ, ಕ್ಯಾಲಿಪರಿನ (ಬ್ರೇಕ್ ಪ್ಯಾಡುಗಳನ್ನು ಒತ್ತುವ ಹಿಡಿಕೆ) ಪಿನ್ ಸವೆದದ್ದು ಅಥವಾ ಬ್ರೇಕ್ ಪ್ಯಾಡಿನ ಕ್ಲಿಪ್ ಸಡಿಲವಾದದ್ದು. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಎಷ್ಟೋ ಗಾಡಿಗಳ ಸ್ಟ್ರಟ್ ಬಿಚ್ಚಲಾಗುತ್ತದೆ.

ಗಾಡಿ ನಿಲ್ಲಿಸಿಕೊಂಡು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ‘ಟಂಯ್’ ಎಂದು ತಂತಿ ಮೀಟಿದಂಥ ಸದ್ದು ಬಂದರೆ ಸ್ಟ್ರಟ್ ಬೇರಿಂಗ್ ಜಾಮ್ ಆಗಿದೆ: ಬೇರಿಂಗ್ ತಿರುಗದೆ ಸ್ಪ್ರಿಂಗೇ ತಿರುಚಿಕೊಂಡು ಒಮ್ಮೆಲೇ ಜಿಗಿಯುತ್ತಿದೆ. ಒಬ್ಬರು ತಿರುಗಿಸುತ್ತಿರುವಾಗ ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಿದರೆ ಜಿಗಿತ ಕೈಗೇ ಗೊತ್ತಾಗುತ್ತದೆ. ಬೆರಳನ್ನು ಸುತ್ತುಗಳ ನಡುವೆ ಇಡಬಾರದು. ತಿರುವಿನಿಂದ ಹೊರಬಂದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದೆ ಸೋಮಾರಿಯಾಗಿದ್ದರೂ ಈ ಬೇರಿಂಗನ್ನು ಅನುಮಾನಿಸಿ.

ಬಯಲಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಕೊಟ್ಟು ನಿಧಾನ ಸುತ್ತು ಹಾಕಿದಾಗ ಚಕ್ರದ ವೇಗಕ್ಕೆ ತಕ್ಕಂತೆ ‘ಟಕ ಟಕ ಟಕ’ ಬಂದರೆ ಅದು ಹೊರಗಿನ ಸಿವಿ ಜಾಯಿಂಟ್ (ಚಕ್ರ ಓಡಿಸುವ ಡ್ರೈವ್ ಶಾಫ್ಟಿನ ಚಕ್ರದ ಕಡೆಯ ಕೀಲು). 40-50 ಕಿ.ಮೀ. ದಾಟಿದ ಮೇಲೆ ‘ಗುಂಯ್’ ಎನ್ನುವ ಗುಂಗು ಬಂದು ವೇಗದ ಜೊತೆ ಏರಿದರೆ ವೀಲ್ ಬೇರಿಂಗ್ ಅಥವಾ ಟೈರ್. ಖಾಲಿ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಎಡಕ್ಕೆ ಎಳೆದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಆಗ ಗುಂಗು ಜೋರಾದರೆ ಬಲಗಡೆ ಬೇರಿಂಗ್, ಬಲಕ್ಕೆ ಎಳೆದಾಗ ಜೋರಾದರೆ ಎಡಗಡೆಯದು. ಎತ್ತ ಎಳೆದರೂ ಬದಲಾಗದಿದ್ದರೆ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿ ನೋಡಿ. ಸದ್ದೂ ಹಿಂದಕ್ಕೆ ಹೋದರೆ ಟೈರೇ ಕಾರಣ.

ಕೊನೆಯದು ಲೋವರ್ ಆರ್ಮ್ ಬುಷ್. ಇದು ಸದ್ದಿಗಿಂತ ಮೊದಲು ನಡತೆಯಲ್ಲಿ ಕಾಣಿಸಿಕೊಳ್ಳುತ್ತದೆ, ಚುರುಕಾಗಿ ಓಡಿಸುವವರಿಗೆ ಬೇಗ ಗೊತ್ತಾಗುತ್ತದೆ. 60-70 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಮೂತಿ ಒಂದು ಕಡೆ ಸರಿಯುವುದು, ಬ್ರೇಕ್ ಬಿಟ್ಟ ಕೂಡಲೇ ಮರಳಿ ನೇರಕ್ಕೆ ಬರುವುದು. ತಿರುವಿಗೆ ಸ್ಟೀರಿಂಗ್ ತಿರುಗಿಸಿದ ಮೇಲೆ ಒಂದು ಕ್ಷಣ ತಡೆದು ಮೂತಿ ತಿರುಗುವುದು. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕ್ ಮತ್ತು ತಿರುವು ಒಟ್ಟೊಟ್ಟಿಗೆ ಬರುವುದರಿಂದ ಈ ಲಕ್ಷಣ ಸ್ಪಷ್ಟವಾಗುತ್ತದೆ. ಖಚಿತಪಡಿಸಿಕೊಳ್ಳಲು: ಇನ್ನೊಬ್ಬರನ್ನು ಮುಂದಿನ ಚಕ್ರದ ಪಕ್ಕದಲ್ಲಿ, ಗಾಡಿಯ ದಾರಿಗೆ ಅಡ್ಡ ಬರದಂತೆ ನಿಲ್ಲಿಸಿ, ನಡೆಯುವ ವೇಗದಲ್ಲಿ ಮುಂದೆ ಬಂದು ಬ್ರೇಕ್ ಒತ್ತಿ, ಹಾಗೆಯೇ ರಿವರ್ಸ್‌ನಲ್ಲಿ ಬಂದು ಒತ್ತಿ. ಚಕ್ರ ಫೆಂಡರಿನ ಕಮಾನಿನೊಳಗೆ ಹಿಂದೆ ಮುಂದೆ ಜಾರುವುದು ಕಣ್ಣಿಗೆ ಕಂಡರೆ, ಜೊತೆಗೆ ‘ಧಡ್’ ಎಂದರೆ, ಬುಷ್ ಹರಿದಿದೆ.

ಎತ್ತಿ ನೋಡುವುದು

ಹ್ಯಾಂಡ್ ಬ್ರೇಕ್, ಗೇರು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಅಥವಾ ಮರದ ಕಟ್ಟೆ, ಆಮೇಲೆ ಜ್ಯಾಕ್. ಎತ್ತಿದ ಮೇಲೆ ಭಾರವನ್ನು ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಜ್ಯಾಕ್ ಮಾತ್ರ ನಂಬಿ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು.

ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಆಡಿಸಿ. ಪ್ಲೇ (ಸಡಿಲ) ಸಿಕ್ಕರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಆಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ಟಿನೊಳಗೆ ಏರಿಳಿಯುವ ರಾಡ್. 9 ಮತ್ತು 3ರ ಜಾಗದಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ರ‍್ಯಾಕಿನ ರಬ್ಬರ್ ಬೂಟನ್ನು ಹೊರಗಿನಿಂದ ಹಿಸುಕಿ ಹಿಡಿದು ಚಕ್ರ ಆಡಿಸಿದರೆ ರ‍್ಯಾಕ್ ಎಂಡ್ ಗುಂಡು ಕಟಕಟಿಸುವುದು ಬೆರಳಿಗೆ ಸಿಗುತ್ತದೆ.

ಬಾಲ್ ಜಾಯಿಂಟಿಗೆ: ಲೋವರ್ ಆರ್ಮ್ ಮತ್ತು ನಕಲ್ (ಚಕ್ರದ ಬೇರಿಂಗನ್ನು ಹೊತ್ತಿರುವ ಲೋಹದ ತುಂಡು) ನಡುವೆ ಉದ್ದನೆಯ ಲಿವರ್ ತೂರಿಸಿ ಮೇಲೆ ಕೆಳಗೆ ಮೀಟಿ. ರಬ್ಬರ್ ಬೂಟಿಗೆ ಲಿವರ್ ತಾಗಬಾರದು. ಕೈಗೆ ಸಿಗುವಷ್ಟು ಸಡಿಲ ಇದ್ದರೂ ಬದಲಿಸಬೇಕು. ಇದು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಬಿಟ್ಟ ಹಾಗೆಯೇ. ಬೂಟ್ ಹರಿದು ಗ್ರೀಸು ಹೊರಬಂದಿದ್ದರೆ ಪ್ಲೇ ಇಲ್ಲದಿದ್ದರೂ ಬದಲಿಸುವುದೇ ಸರಿ. ಮಳೆನೀರು, ಧೂಳು ಒಳಗೆ ಹೊಕ್ಕ ಮೇಲೆ ಅದು ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ, ಮುಂದಿನ ಮಳೆಗಾಲದವರೆಗೆ ಕಾಯುವುದಿಲ್ಲ.

ಆರ್ಮ್ ಬುಷ್ ನೋಡುವಾಗ ರಬ್ಬರಿನ ಮೇಲ್ಮೈಯ ಕೂದಲೆಳೆಯ ಬಿರುಕಿಗೆ ಗಾಬರಿಯಾಗಬೇಕಿಲ್ಲ, ಹಳೆಯ ರಬ್ಬರಿಗೆಲ್ಲ ಅದು ಇರುತ್ತದೆ. ನೋಡಬೇಕಾದದ್ದು ರಬ್ಬರ್ ಮತ್ತು ನಡುವಿನ ಕಬ್ಬಿಣದ ಕೊಳವೆ ಅಂಟಿಕೊಂಡಿರುವ ಗೆರೆ. ಲಿವರಿನಿಂದ ಆರ್ಮನ್ನು ಹಿಂದೆ ಮುಂದೆ ನೂಕಿದಾಗ ಆ ಗೆರೆ ಬಾಯಿ ಬಿಟ್ಟರೆ ಬುಷ್ ಮುಗಿದಿದೆ. ಪೋಲೋದಲ್ಲಿ ಆರ್ಮಿನ ಹಿಂಬದಿಯ ದೊಡ್ಡ ಬುಷ್ ಮೇಲೆ ಮೊದಲು ಕಣ್ಣಿಡಿ.

ಟೈ ರಾಡ್ ಮತ್ತು ಸ್ಟೀರಿಂಗ್ ಕಾಲಂ ಕೀಲುಗಳಿಗೆ ಚಕ್ರ ಮತ್ತೆ ನೆಲಕ್ಕಿಳಿಯಬೇಕು. ಒಬ್ಬರು ಸ್ಟೀರಿಂಗನ್ನು ಎರಡು ಬೆರಳಗಲ ಎಡಬಲ ಬೇಗ ಬೇಗ ಆಡಿಸಲಿ, ಇನ್ನೊಬ್ಬರು ಪ್ರತಿ ಕೀಲಿನ ಮೇಲೆ ಬೆರಳಿಡಲಿ. ಚಕ್ರ ನೆಲಕ್ಕೆ ಕಚ್ಚಿಕೊಂಡಿರುವುದರಿಂದ ಸವೆದ ಕೀಲು ಬೆರಳಿಗೆ ‘ಟಿಕ್’ ಎಂದು ತಟ್ಟುತ್ತದೆ. ಸ್ಟೀರಿಂಗ್ ಹಿಡಿಕೆಯಲ್ಲೇ ಕಟಕಟ ಸಿಕ್ಕಿ ಕೆಳಗೆ ಏನೂ ಸಿಗದಿದ್ದರೆ, ಡ್ರೈವರ್ ಕಾಲ ಬಳಿ ಇರುವ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಕೀಲು ಮುಟ್ಟಿ ನೋಡಿ.

ಇಷ್ಟಾದ ಮೇಲೂ ಲಿಂಕ್ ರಾಡೋ ಬೇರೆಯದೋ ಎಂಬ ಅನುಮಾನ ಉಳಿದರೆ ಎರಡೂ ಕಡೆಯ ಲಿಂಕ್ ರಾಡುಗಳನ್ನು ಬಿಚ್ಚಿ, ಬಾರ್ ತುದಿಗಳು ಡ್ರೈವ್ ಶಾಫ್ಟಿಗಾಗಲಿ ಬ್ರೇಕ್ ಹೋಸಿಗಾಗಲಿ ತಾಗದಂತೆ ಕಟ್ಟಿ, ಅದೇ ಕೆಟ್ಟ ರಸ್ತೆಯಲ್ಲಿ 20-30 ಕಿ.ಮೀ. ವೇಗದಲ್ಲಿ ಸ್ವಲ್ಪ ದೂರ ಹೋಗಿ. ಸದ್ದು ಹೋಯಿತೆಂದರೆ ತೀರ್ಮಾನವಾಯಿತು. ಬಾರ್ ಇಲ್ಲದೆ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಹಾಗಾಗಿ ಇದು ಪರೀಕ್ಷೆಗೆ ಮಾತ್ರ.

ಶಾಕ್ ಅಬ್ಸಾರ್ಬರ್ ನಿಜವಾಗಿ ಹೋಗಿದ್ದರೆ

ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆಂದು ಎಣಿಸುವ ಪರೀಕ್ಷೆ ಪೂರ್ತಿ ಸತ್ತ ಶಾಕ್ ಅಬ್ಸಾರ್ಬರನ್ನು ಮಾತ್ರ ಹಿಡಿಯುತ್ತದೆ. ಅರ್ಧ ಶಕ್ತಿ ಕಳೆದುಕೊಂಡದ್ದು ಇದರಲ್ಲಿ ಪಾಸಾಗಿಬಿಡುತ್ತದೆ, ಏಕೆಂದರೆ ಕೈಯಿಂದ ಒತ್ತಿದಾಗ ರಾಡ್ ಚಲಿಸುವ ವೇಗ ರಸ್ತೆಯ ಮೇಲಿನ ವೇಗದ ಹತ್ತಿರಕ್ಕೂ ಬರುವುದಿಲ್ಲ.

ನಂಬಬಹುದಾದ ಗುರುತುಗಳು ಬೇರೆ ಇವೆ. ಒಂದು, ಎಣ್ಣೆ: ಸೀಲಿನ ಕೆಳಗೆ ಧೂಳು ಹಿಡಿದ ತೆಳು ಪಸೆ ಇದ್ದರೆ ಪರವಾಗಿಲ್ಲ, ಕೊಳವೆಯ ಕೆಳಭಾಗದವರೆಗೆ ಒದ್ದೆಯಾಗಿ ಹನಿಯುತ್ತಿದ್ದರೆ ಮುಗಿಯಿತು. ಎರಡು, ಟೈರಿನ ಮೈ: ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಚಕ್ರ ನೆಲ ಬಿಟ್ಟು ನೆಗೆಯುತ್ತಿದೆ. ಮೂರು, ಹೆದ್ದಾರಿಯಲ್ಲಿ ಅಲೆಯಂಥ ಉಬ್ಬಿನ ಮೇಲೆ ಹೋದಾಗ ಗಾಡಿ ಒಂದೇ ಸಲಕ್ಕೆ ಕೂರದೆ ಮತ್ತೆ ಏಳುವುದು. ನಾಲ್ಕು, ಬೆಳಿಗ್ಗೆ ಸರಿಯಿದ್ದದ್ದು ಕೆಟ್ಟ ರಸ್ತೆಯಲ್ಲಿ ಒಂದು ಗಂಟೆ ಓಡಿದ ಮೇಲೆ ಸಡಿಲವೆನಿಸುವುದು. ಎಣ್ಣೆ ಬಿಸಿಯಾಗಿ ತೆಳುವಾದಾಗ ಒಳಗಿನ ಸವೆತ ಬಯಲಾಗುತ್ತದೆ.

ಹಂಪ್ ಇಳಿದ ಮೇಲೆ ಚಕ್ರ ಜೋತುಬೀಳುವ ಕ್ಷಣಕ್ಕೆ ಬರುವ ಒಂದೇ ‘ಧಪ್’ ಸದ್ದು, ರಾಡ್ ತನ್ನ ಉದ್ದದ ಕೊನೆ ಮುಟ್ಟಿದ್ದರ ಗುರುತು. ವೇಗ ತಗ್ಗಿಸಿದರೆ ನಿಲ್ಲುತ್ತದೆ, ದೋಷವೇ ಆಗಿರಬೇಕೆಂದಿಲ್ಲ.

ಟೈರ್ ಹೇಳುವುದು

ಅಂಗೈಯನ್ನು ಟೈರಿನ ಮೈ ಮೇಲೆ ಅಡ್ಡಡ್ಡ ಸವರಿ. ಒಳಗಿನಿಂದ ಹೊರಗೆ ಸವರಿದಾಗ ಗರಗಸದಂತೆ ಚುಚ್ಚಿ, ಹೊರಗಿನಿಂದ ಒಳಗೆ ನುಣುಪಾಗಿದ್ದರೆ ಟೋ-ಇನ್ (ಎರಡು ಚಕ್ರಗಳ ಮೂತಿ ಒಳಕ್ಕೆ ತಿರುಗಿರುವುದು) ಹೆಚ್ಚಾಗಿದೆ. ಇದಕ್ಕೆ ತಿರುಗುಮುರುಗಾದರೆ ಟೋ-ಔಟ್, ಮೂತಿ ಹೊರಕ್ಕೆ. ಎರಡೂ ಮುಂಚಕ್ರಗಳ ಒಳ ಅಂಚು ಮಾತ್ರ ಸವೆದಿದ್ದರೆ ಟೋ-ಔಟ್, ಅದರ ಜೊತೆ ಸಡಿಲಾದ ಆರ್ಮ್ ಬುಷ್ ಇರುವ ಸಾಧ್ಯತೆ ಹೆಚ್ಚು: ಬ್ರೇಕ್ ಒತ್ತಿದಾಗಲೆಲ್ಲ ಆರ್ಮ್ ಹಿಂದಕ್ಕೆ ಸರಿದು ಚಕ್ರದ ಮೂತಿ ಹೊರಕ್ಕೆ ತಿರುಗುತ್ತದೆ. ಅಂಥ ಗಾಡಿಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಮೆಷಿನಿನಲ್ಲಿ ಎಲ್ಲ ಹಸಿರು ಬರುತ್ತದೆ, ರಸ್ತೆಯಲ್ಲಿ ಟೈರ್ ಸವೆಯುತ್ತಲೇ ಇರುತ್ತದೆ.

ಒಂದೇ ಚಕ್ರದ ಒಳ ಅಂಚು ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ನೋಡಿ. ಈ ಗಾಡಿಗಳಲ್ಲಿ ಮುಂದೆ ಹೊಂದಿಸಲು ಬರುವುದು ಟೋ ಮಾತ್ರ. ಎಡಬಲ ಕ್ಯಾಂಬರಿನಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಏನೋ ಬಾಗಿದೆ ಎಂದರ್ಥ: ಗುಂಡಿಗೆ ಬಿದ್ದ ಆರ್ಮ್, ಸ್ಟ್ರಟ್ ಅಥವಾ ನಕಲ್.

ಲಿಂಕ್ ರಾಡ್

ಕೆಲಸ ಸುಲಭ. ನಡುವಿನ ಸ್ಟಡ್ಡನ್ನು ಆಲನ್ ಕೀಯಿಂದಲೋ ತೆಳು ಪಾನಾದಿಂದಲೋ ಹಿಡಿದು ನಟ್ ಬಿಚ್ಚಿ. ಹೊಸದನ್ನು ಹಾಕುವಾಗ ಎರಡು ಚಕ್ರಗಳೂ ಒಂದೇ ಮಟ್ಟದಲ್ಲಿರಬೇಕು, ಎರಡೂ ನೇತಾಡಲಿ ಅಥವಾ ಎರಡೂ ನೆಲದ ಮೇಲಿರಲಿ. ಒಂದು ಕಡೆ ಮಾತ್ರ ಎತ್ತಿದ್ದರೆ ಬಾರ್ ತಿರುಚಿಕೊಂಡು ರಂಧ್ರ ಕೂಡುವುದಿಲ್ಲ, ಸುತ್ತಿಗೆಯಿಂದ ಬಡಿದು ಕೂರಿಸುವಾಗ ಹೊಸ ಗುಂಡೇ ಹಾಳಾಗುತ್ತದೆ. ಲಾಕ್ ನಟ್ ಹೊಸದೇ ಹಾಕಿ. ಬಾರ್ ನಡುವಿನ ಎರಡು ಬುಷ್ ಅಗ್ಗ; ಕೈ ಸಿಗುವ ಜಾಗದಲ್ಲಿದ್ದರೆ ಜೊತೆಗೇ ಬದಲಿಸಿ.

ಲೋವರ್ ಆರ್ಮ್ ಮತ್ತು ಬುಷ್

ರಿಪೇರಿಯಾದ ಗಾಡಿ ಕೆಲವೇ ತಿಂಗಳಲ್ಲಿ ಮತ್ತೆ ಅದೇ ದೂರಿನೊಂದಿಗೆ ಬರುವುದು ಹೆಚ್ಚಾಗಿ ಈ ಹಂತದ ಒಂದು ತಪ್ಪಿನಿಂದ, ಅದಕ್ಕಾಗಿ ಸ್ವಲ್ಪ ನಿಂತು ನೋಡೋಣ.

ರಬ್ಬರ್ ಬುಷ್ ಬೇರಿಂಗಿನಂತೆ ಜಾರಿ ತಿರುಗುವುದಿಲ್ಲ. ಒಳಗಿನ ಕೊಳವೆಯನ್ನು ಬೋಲ್ಟ್ ಬಿಗಿದು ಫ್ರೇಮಿಗೆ ಕಚ್ಚಿಸುತ್ತದೆ, ಹೊರಗಿನ ಕವಚ ಆರ್ಮಿನೊಳಗೆ ಬಿಗಿಯಾಗಿದೆ, ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿದೆ. ಆರ್ಮ್ ಏರಿಳಿದಾಗ ರಬ್ಬರ್ ತಿರುಚಿಕೊಂಡು ಮತ್ತೆ ಮರಳುತ್ತದೆ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ರಬ್ಬರಿನ ವಿಶ್ರಾಂತಿಯ ಸ್ಥಾನ ಆ ಜೋತುಬಿದ್ದ ಸ್ಥಾನವೇ ಆಗಿಬಿಡುತ್ತದೆ. 35 ಸೆಂ.ಮೀ. ಉದ್ದದ ಆರ್ಮಿನ ತುದಿ 9 ಸೆಂ.ಮೀ. ಜೋತುಬಿದ್ದಿದ್ದರೆ ಅದು ಸುಮಾರು 15 ಡಿಗ್ರಿ. ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ನಿಂತಲ್ಲೇ 15 ಡಿಗ್ರಿ ತಿರುಚಿಕೊಂಡಿರುತ್ತದೆ, ಪ್ರತಿ ಗುಂಡಿಯೂ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಎಷ್ಟೇ ಒಳ್ಳೆಯ ಬುಷ್ ಆದರೂ ಹರಿಯುತ್ತದೆ.

ಹಾಗಾಗಿ ಆರ್ಮ್ ಬೋಲ್ಟುಗಳನ್ನು ಕೈಬಿಗಿಗಷ್ಟೇ ಹಾಕಿ, ಚಕ್ರದ ಕೆಳಗೆ ಗಟ್ಟಿ ಹಲಗೆ ಅಥವಾ ರ‍್ಯಾಂಪ್ ಕೊಟ್ಟು ಗಾಡಿಯ ಪೂರ್ತಿ ತೂಕ ಕೂರಿಸಿ, ಒಂದೆರಡು ಸಲ ಒತ್ತಿ ಬಿಟ್ಟು, ಚಕ್ರದ ನಡುಬಿಂದುವಿನಿಂದ ಫೆಂಡರಿಗೆ ಮೊದಲು ಬರೆದಿಟ್ಟ ಅಳತೆ ಬಂದಿದೆಯೇ ನೋಡಿ. ಆಮೇಲೆ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಯಿತೆಂದು ತೋರಿಸುವ ಪಾನಾ) ಬಿಗಿಯಿರಿ. ರ‍್ಯಾಂಪ್ ಇಲ್ಲದಿದ್ದರೆ ಆರ್ಮಿನ ಹೊರತುದಿಯ ಕೆಳಗೆ ಜ್ಯಾಕ್ ಕೊಟ್ಟು ಆ ಅಳತೆ ಬರುವವರೆಗೆ ಏರಿಸಬಹುದು, ಆದರೆ ಗಾಡಿ ಸ್ಟ್ಯಾಂಡಿನಿಂದ ಏಳದಂತೆ ಕಣ್ಣಿಟ್ಟಿರಬೇಕು. ಹಿಂದಿನ ಬೀಮ್ ಬುಷ್ ಮತ್ತು ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳ ಬೋಲ್ಟಿಗೂ ಇದೇ ನಿಯಮ.

ಬುಷ್ ಮಾತ್ರ ಬದಲಿಸುವುದಾದರೆ ಹಳೆಯದರ ಕೂರುವ ದಿಕ್ಕನ್ನು ಆರ್ಮಿನ ಮೇಲೆ ಬಣ್ಣದಿಂದ ಗುರುತಿಸಿ. ರಬ್ಬರಿನ ನಡುವಿನ ಟೊಳ್ಳುಗಳು ಯಾವ ಕಡೆ ಮೃದುವಾಗಿರಬೇಕು, ಯಾವ ಕಡೆ ಗಡುಸಾಗಿರಬೇಕು ಎಂದು ಲೆಕ್ಕ ಹಾಕಿ ಇಟ್ಟವು; ತಿರುಗಿಸಿ ಹಾಕಿದರೆ ಬ್ರೇಕ್ ಹಿಡಿತವೇ ಬದಲಾಗುತ್ತದೆ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ, ಹೊರಕವಚದ ಅಂಚನ್ನು ಮಾತ್ರ ಒತ್ತುವ ಕೊಳವೆ ಇಟ್ಟು ಕೂರಿಸಿ. ಜಾರಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಗ್ರೀಸು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ. ಬಾಲ್ ಜಾಯಿಂಟೂ ಸವೆದಿದ್ದರೆ ಸ್ವಿಫ್ಟಿನಲ್ಲಿ ಆರ್ಮನ್ನು ಇಡಿಯಾಗಿ ಬದಲಿಸುವುದೇ ಲೇಸು. ಪೋಲೋದಲ್ಲಿ ಬಾಲ್ ಜಾಯಿಂಟ್ ಆರ್ಮಿಗೆ ಬೋಲ್ಟಿನಿಂದ ಕೂರುವುದರಿಂದ ಬೇರೆಯಾಗಿಯೇ ಬದಲಿಸಬಹುದು. ಪೋಲೋದಂಥ ಯುರೋಪಿನ ವಿನ್ಯಾಸಗಳಲ್ಲಿ ಟಾರ್ಕ್ ಜೊತೆಗೆ ಇಂತಿಷ್ಟು ಡಿಗ್ರಿ ತಿರುಗಿಸಿ ಎಂದು ಹೇಳಿರುವ ಬೋಲ್ಟುಗಳು ಬಿಗಿಯುವಾಗ ತುಸು ಉದ್ದಕ್ಕೆ ಹಿಗ್ಗುವ ಜಾತಿಯವು, ಒಮ್ಮೆ ಬಿಚ್ಚಿದರೆ ಹೊಸದೇ ಬೇಕು.

ಗಡುಸಾದ ಪಾಲಿಯುರೆಥೇನ್ ಬುಷ್ ಹಾಕಿಸುವ ಆಸೆ ಚುರುಕು ಗಾಡಿ ಇಟ್ಟುಕೊಂಡವರಿಗೆ ಸಹಜ. ಟ್ರ್ಯಾಕಿನಲ್ಲಿ ಓಡಿಸುವ ಗಾಡಿಗೆ ಅದು ಸರಿ. ನಿತ್ಯ ನಮ್ಮ ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿಯ ಹೊಸ ರಬ್ಬರ್ ಬುಷ್ಷೇ ಸಾಕಷ್ಟು ಬಿಗಿ ಕೊಡುತ್ತದೆ. ಪಾಲಿ ಬುಷ್ ರಸ್ತೆಯ ಪ್ರತಿ ಏಟನ್ನೂ ಬಾಡಿಗೆ ದಾಟಿಸುತ್ತದೆ, ಸಿಲಿಕೋನ್ ಗ್ರೀಸು ಒಣಗಿದ ಮೇಲೆ ಕಿರುಗುಟ್ಟುತ್ತದೆ.

ಸ್ಟ್ರಟ್ ಬದಲಿಸುವುದು

ಇಲ್ಲಿ ಜೀವಕ್ಕೆ ಅಪಾಯವಿರುವ ಒಂದು ಹಂತವಿದೆ. ಸ್ಪ್ರಿಂಗ್ ಕಂಪ್ರೆಸರಿನಿಂದ ಸ್ಪ್ರಿಂಗನ್ನು ಅದುಮಿ, ಅದು ಎರಡೂ ಸೀಟುಗಳಲ್ಲಿ ಸಡಿಲವಾಗಿದೆ ಎಂದು ಕೈಯಿಂದ ಆಡಿಸಿ ನೋಡುವವರೆಗೆ ರಾಡಿನ ಮೇಲ್ತುದಿಯ ನಟ್ ಬಿಚ್ಚಬಾರದು.

1. ಚಕ್ರ ತೆಗೆದು ಬ್ರೇಕ್ ಹೋಸ್, ಎಬಿಎಸ್ ವೈರುಗಳ ಕ್ಲಿಪ್ ಬಿಡಿಸಿ. ನಕಲನ್ನು ತಂತಿಯಿಂದ ಕಟ್ಟಿ, ಭಾರ ಹೋಸಿನ ಮೇಲೆ ಬೀಳಬಾರದು.
2. ಸ್ವಿಫ್ಟಿನಲ್ಲಿ ಸ್ಟ್ರಟ್ ಮತ್ತು ನಕಲ್ ಸೇರುವುದು ಎರಡು ಬೋಲ್ಟಿನಿಂದ. ಬಿಚ್ಚುವ ಮೊದಲು ನಟ್ ಮತ್ತು ಬ್ರಾಕೆಟ್ ಸುತ್ತ ಗೆರೆ ಎಳೆಯಿರಿ. ಬೋಲ್ಟ್ ರಂಧ್ರದ ಸಣ್ಣ ಸಡಿಲದಿಂದಲೂ ಕ್ಯಾಂಬರ್ ಬದಲಾಗುತ್ತದೆ. ಪೋಲೋದಲ್ಲಿ ಸ್ಟ್ರಟ್ ನಕಲಿನ ಸೀಳಿದ ಕುಣಿಕೆಯೊಳಗೆ ಕೂರುತ್ತದೆ, ಅದನ್ನು ಅಗಲಿಸುವ ಉಪಕರಣ ಬೇಕು. ಉಳಿ ಹಾಕಿ ಬಡಿಯಬಾರದು.
3. ಮೇಲಿನ ಮೌಂಟ್ ನಟ್ ತೆಗೆದು ಸ್ಟ್ರಟ್ ಇಳಿಸಿ. ಕೆಲವು ಗಾಡಿಗಳಲ್ಲಿ ಇದಕ್ಕೆ ವೈಪರ್ ಕೆಳಗಿನ ಪ್ಲಾಸ್ಟಿಕ್ ತೆಗೆಯಬೇಕಾಗುತ್ತದೆ.
4. ಸ್ಪ್ರಿಂಗ್ ಅದುಮಿ ಮೌಂಟ್ ಬಿಚ್ಚಿ. ಬೇರಿಂಗ್ ತಿರುಗಿಸಿ ನೋಡಿ, ಕರಕರ ಎಂದರೆ ಬದಲಿಸಿ. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ರಾಡ್ ಪೂರ್ತಿ ಒಳಹೋದಾಗ ಏಟು ತಡೆಯುವ ಮೆತ್ತೆ), ಧೂಳಿನ ಕವರ್ ಇವನ್ನೆಲ್ಲ ಹೊಸ ಸ್ಟ್ರಟ್ ಜೊತೆಗೇ ಹಾಕುವುದು ಒಳ್ಳೆಯದು, ಮತ್ತೆ ಬಿಚ್ಚುವ ಕೂಲಿ ಭಾಗಕ್ಕಿಂತ ಹೆಚ್ಚು.
5. ಹೊಸ ಸ್ಟ್ರಟ್ಟನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಒತ್ತಿ ಎಳೆದು 3-5 ಸಲ ಮಾಡಿ. ಅಡ್ಡ ಮಲಗಿಸಿ ಇಟ್ಟಿದ್ದಾಗ ಒಳಗಿನ ಎಣ್ಣೆಗೆ ಸೇರಿದ ಗಾಳಿ ಮೇಲೇರುತ್ತದೆ. ಮಾಡದಿದ್ದರೆ ಹೊಸದೇ ‘ಚಕ್ ಚಕ್’ ಎನ್ನುತ್ತದೆ.
6. ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು. ರಾಡಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಬೇಡ, ರಾಡ್ ಗಿರ್ರನೆ ತಿರುಗಿ ಒಳಗಿನ ಭಾಗಕ್ಕೂ ಸೀಲಿಗೂ ಏಟಾಗುತ್ತದೆ. ಹೊಳೆಯುವ ರಾಡನ್ನು ಪ್ಲೈಯರಿನಿಂದ ಹಿಡಿಯಲೇಬಾರದು. ಒಂದು ಗೀರು ಸಾಕು ಸೀಲ್ ಹರಿಯಲು.

ಯಾವಾಗಲೂ ಎಡಬಲ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳೆಯದಿದ್ದರೆ ಜೋರು ಬ್ರೇಕಿನಲ್ಲಿ ಗಾಡಿ ಒಂದು ಕಡೆಗೆ ಕೂರುತ್ತದೆ.

ಹಿಂದಿನ ಟಾರ್ಷನ್ ಬೀಮ್

ಇಲ್ಲಿ ಭಾಗಗಳು ಕಡಿಮೆ. ಶಾಕ್ ಅಬ್ಸಾರ್ಬರಿನ ಮೇಲು ಕೆಳ ಬುಷ್, ಸ್ಪ್ರಿಂಗಿನ ರಬ್ಬರ್ ಸೀಟು, ಬಂಪ್ ಸ್ಟಾಪ್, ಬೀಮಿನ ಎರಡು ದೊಡ್ಡ ಬುಷ್. ಬೀಮ್ ಬುಷ್ ಹರಿದರೆ ಉದ್ದನೆಯ ತಿರುವಿನ ನಡುವೆ ಹಿಂಭಾಗ ತಾನಾಗಿ ಒಂದಿಷ್ಟು ತಿರುಗಿದಂತೆ ಅನಿಸುತ್ತದೆ, ಚಾಲಕ ಸ್ಟೀರಿಂಗ್ ಸರಿಪಡಿಸುತ್ತಲೇ ಇರಬೇಕಾಗುತ್ತದೆ. ಹಿಂದಿನ ಟೋ, ಕ್ಯಾಂಬರ್ ಹೊಂದಿಸಲು ಬರುವುದಿಲ್ಲ. ಅಳತೆ ತಪ್ಪಿದ್ದರೆ ಬುಷ್ ನೋಡಿ, ಬುಷ್ ಸರಿಯಿದ್ದರೆ ಬೀಮ್ ಬಾಗಿದೆ.

ತಗ್ಗಿಸಿದ ಗಾಡಿ, ದೊಡ್ಡ ಚಕ್ರ

ಲೋವರಿಂಗ್ ಸ್ಪ್ರಿಂಗ್ ಹಾಕಿ ಕಂಪನಿಯ ಶಾಕ್ ಅಬ್ಸಾರ್ಬರನ್ನೇ ಉಳಿಸಿದ ಗಾಡಿಗಳಲ್ಲಿ ರಾಡ್ ಸದಾ ಬಂಪ್ ಸ್ಟಾಪಿನ ಹತ್ತಿರವೇ ಓಡುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ಬಂಪ್ ಸ್ಟಾಪಿಗೆ ಬಡಿತ, ಅಲ್ಲಿಂದ ಸ್ಟ್ರಟ್ ಮೌಂಟಿಗೆ. ಬಂಪ್ ಸ್ಟಾಪ್ ಪುಡಿಯಾಗಿದ್ದರೆ ಮೌಂಟಿನ ರಬ್ಬರ್ ಸೀಳಿರುವುದನ್ನೂ ನಿರೀಕ್ಷಿಸಿ. ತಗ್ಗಿಸಿದ ಮೇಲೆ ಟೋ ಬದಲಾಗುತ್ತದೆ, ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು. ದೊಡ್ಡ ರಿಮ್ಮಿನ ತೂಕ, ಹೊರಕ್ಕೆ ಚಾಚಿದ ಆಫ್‌ಸೆಟ್ ಎರಡೂ ವೀಲ್ ಬೇರಿಂಗ್ ಮತ್ತು ಟೈ ರಾಡಿನ ಮೇಲೆ ಹೊರೆ ಹೆಚ್ಚಿಸುತ್ತವೆ. ಇಂಥ ಗಾಡಿಯಲ್ಲಿ ಆ ಭಾಗಗಳನ್ನು ಪ್ರತಿ ಸರ್ವಿಸಿನಲ್ಲೂ ಕೈಯಿಟ್ಟು ನೋಡಿ.

ಜೋಡಿಸಿದ ಮೇಲೆ

ಬೆಂಗಳೂರಿನ ಜೆ.ಸಿ. ರೋಡಿನಂಥ ಬಿಡಿಭಾಗದ ಬೀದಿಯಲ್ಲಿ ಕೊಂಡರೂ ಶೋರೂಮಿನಲ್ಲಿ ಕೊಂಡರೂ ಭಾಗವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡದೆ ಹಾಕಬೇಡಿ. ಲಿಂಕ್ ರಾಡಿನ ಉದ್ದ, ಬಾಲ್ ಜಾಯಿಂಟ್ ಸ್ಟಡ್ಡಿನ ದಪ್ಪ, ಬುಷ್ ಕೊಳವೆಯ ಅಗಲ ಮೂರನ್ನೂ ಅಳೆಯಿರಿ. ಹೊಸ ಬಾಲ್ ಜಾಯಿಂಟನ್ನು ಕೈಯಿಂದ ಆಡಿಸಿದಾಗ ಗಟ್ಟಿಯಾಗಿ, ಒಂದೇ ಸಮನೆ ತಿರುಗಬೇಕು. ಸಲೀಸಾಗಿ ಜೋತುಬೀಳುವುದನ್ನು ಹಿಂದಕ್ಕೆ ಕೊಡಿ.

ಚಕ್ರದ ನಟ್ಟು ಅಥವಾ ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ, ಗಾಡಿಯ ಕೈಪಿಡಿಯಲ್ಲಿರುವ ಟಾರ್ಕಿಗೆ ಬಿಗಿಯಿರಿ. ಪೋಲೋಗೆ ಅದು 120 ನ್ಯೂಟನ್ ಮೀಟರ್. ಆರ್ಮ್, ಸ್ಟ್ರಟ್, ಟೈ ರಾಡ್ ಯಾವುದನ್ನು ಮುಟ್ಟಿದರೂ ಅಲೈನ್‌ಮೆಂಟ್ ಕಡ್ಡಾಯ. ಅದಕ್ಕೂ ಮೊದಲು ಗಾಡಿಯನ್ನು ಕೆಲವು ಕಿಲೋಮೀಟರ್ ಓಡಿಸಿ ಬುಷ್ಷುಗಳು ತಮ್ಮ ಜಾಗಕ್ಕೆ ಕೂರಲಿ. ಇಎಸ್‌ಸಿ (ಗಾಡಿ ಜಾರದಂತೆ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಟೋ ಸರಿಪಡಿಸಿದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರ್ ಹಚ್ಚಿ ಶೂನ್ಯಕ್ಕೆ ತರಬೇಕಾಗಬಹುದು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉಳಿದರೆ ಮೊದಲು ಅದನ್ನೇ ನೋಡಿ.

50ರಿಂದ 100 ಕಿ.ಮೀ. ಓಡಿದ ಮೇಲೆ ಬಿಚ್ಚಿದ ಪ್ರತಿ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಕೋನ ತಿರುಗಿಸಿ ಬಿಗಿದ ಬೋಲ್ಟುಗಳನ್ನು ಮಾತ್ರ ಮುಟ್ಟಬೇಡಿ, ಅವುಗಳ ತಲೆಗೆ ಬಣ್ಣದ ಗೆರೆ ಹಾಕಿಟ್ಟು ಅದು ಸರಿದಿದೆಯೇ ಎಂದು ನೋಡಿದರೆ ಸಾಕು. ಎಲ್ಲ ಬದಲಿಸಿದ ಮೇಲೂ ಬ್ರೇಕ್ ಒತ್ತಿದಾಗ ಅಥವಾ ಕ್ಲಚ್ ಬಿಡುವಾಗ ಒಂದೇ ಒಂದು ‘ಧಡ್’ ಉಳಿದಿದ್ದರೆ ಸಬ್‌ಫ್ರೇಮನ್ನು (ಲೋವರ್ ಆರ್ಮುಗಳು ಕೂರುವ ಅಡ್ಡ ಚೌಕಟ್ಟು) ಗಾಡಿಯ ಬಾಡಿಗೆ ಹಿಡಿದಿರುವ ಬೋಲ್ಟುಗಳನ್ನೂ ಎಂಜಿನ್ ಮೌಂಟನ್ನೂ ನೋಡಿ. ಸಬ್‌ಫ್ರೇಮ್ ಸರಿದಿದ್ದರೆ ಬೋಲ್ಟಿನ ವಾಷರ್ ಪಕ್ಕದಲ್ಲಿ ಬಣ್ಣ ಕೆರೆದ ಹೊಳೆಯುವ ಅರ್ಧಚಂದ್ರಾಕಾರದ ಗುರುತು ಇರುತ್ತದೆ.